ಅವೇರೊದಲ್ಲಿ ಕಂಡ ಶಿಕಾರಿಪುರದ ಚುಕ್ಕೆ

ಶಿಕಾರಿಪುರ

ಪೋರ್ಚುಗಲ್ಲಿಗೆ ಹೋಗಿ ಬಂದೆ ಎಂದರೆ ನಮ್ಮೂರಿನವರು ಮೊದಲು ಕೇಳುವುದು, "ಅಲ್ಲಿ ಊಟಕ್ಕ ಏನ್ ಮಾಡಿದ್ರಿ?" ಎಂದು. ಎರಡನೆಯ ಪ್ರಶ್ನೆ, "ಒಬ್ರೇ ಹೋಗಿದ್ರೇನು?" ಊಟದ ಫಜೀತಿಯನ್ನು ಮುಂದೆ ಹೇಳುತ್ತೇನೆ. ಒಬ್ಬನೇ ಹೋಗಿರಲಿಲ್ಲ. ಒಬ್ಬನೇ ಹೋಗಿದ್ದರೆ ಎಷ್ಟು ಸುಖವಾಗಿರುತ್ತಿತ್ತು ಎಂದು ಹೊರಡುವ ದಿನದಿಂದಲೇ ಅಂದುಕೊಳ್ಳುತ್ತಿದ್ದೆ.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಚರಿತ್ರೆ ಮತ್ತು ಪ್ರವಾಸೋದ್ಯಮ ಪಾಠ ಹೇಳುವವನು. ಅಣ್ಣ ಬಟ್ಟೆ ಅಂಗಡಿ ನೋಡಿಕೊಂಡ, ನಾನು ಬಳ್ಳಿಗಾವಿ ನೋಡಿಕೊಂಡೆ. ಇಪ್ಪತ್ತು ವರ್ಷಗಳಿಂದ ಭಾನುವಾರ ಬಂತೆಂದರೆ ಅಲ್ಲಿಯ ದೇವಸ್ಥಾನದ ಕಲ್ಲುಕಟ್ಟೆಯ ಮೇಲೆ ನೋಟ್‌ಬುಕ್ ಹಿಡಿದು ಕೂರುತ್ತೇನೆ. ಬಂದವರು ಯಾವ ಕಂಬದ ಮುಂದೆ ಎಷ್ಟು ಹೊತ್ತು ನಿಂತರು, ಏನು ಕೇಳಿದರು, ಎಲ್ಲಿಂದ ಹಿಂದಿರುಗಿದರು ಎಂದು ಕೈಗಡಿಯಾರ ನೋಡಿ ಬರೆದುಕೊಳ್ಳುತ್ತೇನೆ. ಹತ್ತಿರದ ಹೊಲಗಳಲ್ಲಿ ಕುರಿ ಮೇಯಿಸುವವರನ್ನೂ ಬಿಡುವುದಿಲ್ಲ. ಪ್ರವಾಸಿಗಳನ್ನು ಗೈಡುಗಳಿಗಿಂತ ಹೆಚ್ಚು ನೋಡಿದವರು ಅವರೇ. ಹೀಗೆ ಬಿಸಿಲಲ್ಲಿ ಬೆಂದು ಬರೆದ ಲೇಖನಗಳು ಒಂದಷ್ಟಿವೆ, ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ.

ಜೊತೆಗೆ ಬಂದವರು ಪುಷ್ಪಾವತಿ. ಸೊರಬದ ಕಾಲೇಜೊಂದರ ಗ್ರಂಥಪಾಲಕಿ, ಹುಟ್ಟೂರು ಕುಬಟೂರು. ಅಲ್ಲಿಯ ಹಳೆಯ ದೇವಸ್ಥಾನದ ಪಕ್ಕದಲ್ಲೇ ಆಡಿ ಬೆಳೆದವರು. ಆದರೂ ಆ ದೇವಸ್ಥಾನದ ಬಗ್ಗೆ ಅವರು ಬರೆದದ್ದಿಲ್ಲ, ಬರೆದವರ ಬಗ್ಗೆ ಬರೆಯುತ್ತಾರೆ. ಇದಕ್ಕೆ ಬಿಬ್ಲಿಯೊಮೆಟ್ರಿಕ್ಸ್ ಎಂದು ಹೆಸರು, ಕನ್ನಡದಲ್ಲಿ ಗ್ರಂಥಮಿತಿ ಎನ್ನುತ್ತಾರೆ. ಪ್ರವಾಸೋದ್ಯಮದ ವಿಷಯವಾಗಿ ಯಾರು ಏನು ಬರೆದರು, ಬರೆದ ಮೇಲೆ ಕೊನೆಯ ಪುಟದ ಉಲ್ಲೇಖಗಳಲ್ಲಿ ಯಾರ ಯಾರ ಹೆಸರು ಹಾಕಿದರು ಎಂಬುದನ್ನು ಒಂದೊಂದಾಗಿ ಕಂಪ್ಯೂಟರಿಗೆ ತುಂಬಿ ನಕ್ಷೆ ತೆಗೆಯುವುದು. ಬರೆದವರು ಒಬ್ಬೊಬ್ಬರೂ ಒಂದೊಂದು ಚುಕ್ಕೆ. ಒಬ್ಬರು ಇನ್ನೊಬ್ಬರ ಹೆಸರು ಹಾಕಿದ್ದರೆ ಅವರಿಂದ ಇವರಿಗೆ ಒಂದು ಬಾಣದ ಗೆರೆ. ಬಾಣ ಹೆಚ್ಚು ಬಂದಷ್ಟೂ ಚುಕ್ಕೆ ದಪ್ಪ. ಇಷ್ಟೇ ವಿದ್ಯೆ. ಬಿಸಿಲಿಗೆ ಹೋಗಬೇಕಾಗಿಲ್ಲ, ಪ್ರವಾಸಿಯ ಮುಖ ನೋಡಬೇಕಾಗಿಲ್ಲ, ಫ್ಯಾನಿನ ಕೆಳಗೆ ಕೂತು ಮಾಡಬಹುದು.

ಪೋರ್ಚುಗಲ್ಲಿನ ಅವೇರೊ ಎಂಬ ಊರಿನಲ್ಲಿ ಪ್ರವಾಸೋದ್ಯಮ ಸಂಶೋಧನೆಯ ಸಮ್ಮೇಳನ ನಡೆಯುವುದಿತ್ತು. ಇಬ್ಬರೂ ಅರ್ಜಿ ಹಾಕಿದೆವು. ಅವರಿಗೆ ದೊಡ್ಡ ಸಭಾಂಗಣದಲ್ಲಿ ಭಾಷಣ, ನನಗೆ ಪಡಸಾಲೆಯಲ್ಲಿ ಗೋಡೆಗೆ ಅಂಟಿಸುವ ಪೋಸ್ಟರು. ಆ ಪತ್ರ ಓದಿದ ದಿನ ನನ್ನ ಹೊಟ್ಟೆಯಲ್ಲಿ ಹತ್ತಿಕೊಂಡ ಉರಿಯನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ. ಈ ಪ್ರವಾಸದುದ್ದಕ್ಕೂ ಅದು ನನ್ನ ಜೊತೆಗೇ ಬಂತು, ಅದಕ್ಕೆ ವೀಸಾ ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ನಮ್ಮ ಎರಡು ತಾಲೂಕುಗಳ ಸ್ಥಳಗಳ ಬಗ್ಗೆ ಎಲ್ಲೆಲ್ಲಿ ಏನೇನು ಅಚ್ಚಾಗಿದೆ ಎಂದು ಪುಷ್ಪಾವತಿ ಹಿಂದೆಯೇ ಒಂದು ಪಟ್ಟಿ ಮಾಡಿ ಪ್ರಕಟಿಸಿದ್ದರು. ನನ್ನ ಪ್ರತಿ ಲೇಖನವೂ ಆ ಪಟ್ಟಿಯ ಮೇಲೆ ನಿಂತಿದೆ. ಆದರೆ ನಮ್ಮ ಕಡೆ ಗ್ರಂಥಪಾಲಕರನ್ನು ಉಲ್ಲೇಖಿಸುವ ರೂಢಿಯಿಲ್ಲ. ಲೇಖನದ ಕೊನೆಗೆ ಪ್ರಾಂಶುಪಾಲರು, ಹೆಂಡತಿ, ಜೆರಾಕ್ಸ್ ಅಂಗಡಿಯವರು ಇವರ ಸಾಲಿನಲ್ಲಿ ಸೇರಿಸಿ ಒಂದು ಕೃತಜ್ಞತೆ ಹೇಳಿದರೆ ಮುಗಿಯಿತು. ನಾನೂ ಹಾಗೆಯೇ ಮಾಡುತ್ತಿದ್ದೆ. ಅವರ ಹೆಸರು ಹೊರಗೆಲ್ಲ ಕೇಳಿಬರತೊಡಗಿದ ಮೇಲೆ ಆ ಕೃತಜ್ಞತೆಯನ್ನೂ ಬಿಟ್ಟೆ. ಜೆರಾಕ್ಸ್ ಅಂಗಡಿಯವರನ್ನು ಬಿಡಲಿಲ್ಲ.

ಸಮ್ಮೇಳನ ನಡೆಸುತ್ತಿದ್ದವರು ತೆರೇಜಾ ಎಂಬ ಪ್ರಾಧ್ಯಾಪಕಿ. ಜನ ಹೆಚ್ಚು ಹೋಗದ ಹಳೆಯ ಊರುಗಳ ಬಗ್ಗೆ ಮೂರು ವರ್ಷದ ಅಧ್ಯಯನವೊಂದನ್ನು ಅವರು ಶುರು ಮಾಡುವವರಿದ್ದರು. ನಮ್ಮ ಭಾಗಕ್ಕೆ ಒಬ್ಬ ಮುಖ್ಯಸ್ಥರು ಬೇಕು, ಯಾರೆಂದು ಸಮ್ಮೇಳನ ಮುಗಿಯುವುದರೊಳಗೆ ತೀರ್ಮಾನಿಸುತ್ತೇನೆ ಎಂದು ಇಬ್ಬರಿಗೂ ಬರೆದಿದ್ದರು. ನನಗೆ ನಿವೃತ್ತಿಗೆ ಉಳಿದಿರುವುದೂ ಹೆಚ್ಚುಕಡಿಮೆ ಅಷ್ಟೇ ಕಾಲ. ಇಪ್ಪತ್ತು ವರ್ಷದ ನೋಟ್‌ಬುಕ್ಕುಗಳಿಗೆ ಒಂದು ಗತಿ ಕಾಣಿಸಬೇಕೆಂದರೆ ಇದೇ ಕೊನೆಯ ದಾರಿ. ಅದು ನನಗೇ ಬೇಕಾಗಿತ್ತು. ಅವರಿಗೆ ಸಿಗಬಾರದು ಎಂಬುದೂ ಅಷ್ಟೇ ಬೇಕಾಗಿತ್ತು.

ನನ್ನ ಹೆಂಡತಿ ಗೌರಮ್ಮನಿಗೆ ನನ್ನ ಸ್ವಭಾವ ಗೊತ್ತು. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಡುತ್ತ ಹೇಳಿದಳು, "ರೀ, ಆ ಮೇಡಂ ಜೊತಿಗೆ ಮುಖ ಗಂಟು ಹಾಕ್ಕೊಂಡು ಕೂತ್ಕಬ್ಯಾಡ್ರಿ. ಪರದೇಶದಾಗ ನಿಮಗ ಮಾತಾಡಾಕ ಇರೋರು ಅವ್ರೊಬ್ರೇ."

ಬೆಂಗಳೂರು ವಿಮಾನ ನಿಲ್ದಾಣ

ತಪಾಸಣೆಯಲ್ಲಿ ನನ್ನ ಚೀಲ ಪಕ್ಕದ ಸಾಲಿಗೆ ಸರಿದುಹೋಯಿತು. ಚಟ್ನಿಪುಡಿಯ ಡಬ್ಬಿ ತೆರೆದ ಅಧಿಕಾರಿ ಮೂಸಿ ನೋಡಿ ಸೀನಿದರು. ಇನ್ನೊಬ್ಬರನ್ನು ಕರೆದರು, ಅವರೂ ಸೀನಿದರು. ಬಿಳಿ ಬಟ್ಟೆಯ ತುಂಡಿನಿಂದ ಡಬ್ಬಿ ಒರೆಸಿ ಯಂತ್ರಕ್ಕೆ ಇಟ್ಟು ನೋಡಿ ವಾಪಸು ಕೊಡುವವರೆಗೆ ನಾನು ಬೂಟು ಕೈಯಲ್ಲಿ ಹಿಡಿದು ನಿಂತಿದ್ದೆ. ಪುಷ್ಪಾವತಿ ಆಚೆ ಬದಿಯಲ್ಲಿ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು.

"ಎಂತ ಹಿಡಿದ್ರು ಸರ್?"

"ಚಟ್ನಿಪುಡಿ ಐತಲ್ಲ, ಅದು."

"ಹೌದಾ? ನಾನು ತಿನ್ನೋದೆಲ್ಲ ದೊಡ್ಡ ಪೆಟ್ಟಿಗೆಗೇ ಹಾಕಿ ಕೊಟ್ಟೆ. ಹಾಗೆ ಮಾಡ್ಬೇಕು ಅಂತ ಬರೆದಿತ್ತು."

ಎಲ್ಲಿ ಬರೆದಿತ್ತು ಎಂದು ನಾನು ಕೇಳಲಿಲ್ಲ. ವಿಮಾನದಲ್ಲಿ ಕಿಟಕಿಯ ಪಕ್ಕದ ಸೀಟೂ ಅವರದೇ ಆಗಿತ್ತು. "ನೀವು ಕೂರ್ತೀರಾ?" ಎಂದು ಕೇಳಿದರು. ಬೇಡವೆಂದೆ. ಆಮೇಲೆ ಅರಬ್ಬೀ ಸಮುದ್ರ ದಾಟುವವರೆಗೂ ಅವರ ಭುಜದ ಮೇಲಿಂದ ಕತ್ತು ಉದ್ದ ಮಾಡಿ ಇಣುಕುತ್ತಿದ್ದೆ.

ಅವೇರೊ, ಮೊದಲ ದಿನ

ಲಿಸ್ಬನ್ನಿನಲ್ಲಿ ಇಳಿದು ರೈಲು ಹಿಡಿದು ಅವೇರೊ ತಲುಪಿದೆವು. ನಮ್ಮಲ್ಲಿ ಬಚ್ಚಲುಮನೆಗೆ ಹಾಕಿಸುವ ಟೈಲ್ಸನ್ನು ಇಲ್ಲಿಯವರು ಮನೆಯ ಮುಂದಿನ ಗೋಡೆಗೆ ಹಾಕಿಸುತ್ತಾರೆ, ನೀಲಿ, ಹಳದಿ, ಹೂಬಳ್ಳಿ. ಮಾಡುವುದು ಹೊರಗೆ ಕಾಣಲಿ ಎಂಬ ಸ್ವಭಾವ ನಮ್ಮ ಕಡೆಯವರಿಗೂ ಇದೆ, ಆದರೆ ನಮಗೆ ಈ ಉಪಾಯ ಹೊಳೆದಿರಲಿಲ್ಲ. ಒಗೆದ ಬಟ್ಟೆಯನ್ನೂ ಕಿಟಕಿಯ ಹೊರಗೇ ಒಣಹಾಕುತ್ತಾರೆ. ಅದನ್ನು ಕಂಡು ಸ್ವಲ್ಪ ಸಮಾಧಾನವಾಯಿತು.

ಊರಿನ ನಡುವೆ ನಾಲೆ. ನಾಲೆ ಎಂದರೆ ನನಗೆ ನಮ್ಮೂರ ಪಕ್ಕದ ಅಂಜನಾಪುರ ಜಲಾಶಯದ್ದು. ನೀರು ಬಿಟ್ಟರು ಎಂದು ಸುದ್ದಿ ಬಂದರೆ ಗುದ್ದಲಿ ಹಿಡಿದು ಓಡುವುದು, ತೂಬಿನ ಹತ್ತಿರ ಜಗಳ. ಇಲ್ಲಿಯ ನಾಲೆಗೆ ಸಮುದ್ರದ ನೀರು ತಾನೇ ಬಂದು ತಾನೇ ಇಳಿದುಹೋಗುತ್ತದೆ, ಯಾರ ಗದ್ದೆಗೂ ಅಲ್ಲ. ಬಣ್ಣ ಬಳಿದ ಉದ್ದನೆಯ ದೋಣಿಗಳಲ್ಲಿ ಹಿಂದೆ ಗೊಬ್ಬರಕ್ಕೆಂದು ನೀರಿನ ಪಾಚಿ ತುಂಬಿ ತರುತ್ತಿದ್ದರಂತೆ. ಈಗ ಪ್ರವಾಸಿಗಳನ್ನು ತುಂಬುತ್ತಾರೆ. ಸೇತುವೆಯ ಮೇಲೆ ನಿಂತು ಅಭ್ಯಾಸಬಲದಿಂದ ಕೈಗಡಿಯಾರ ನೋಡತೊಡಗಿದೆ. ದೋಣಿಯಲ್ಲಿ ಕೂತವರು ಊರು ನೋಡುವುದಕ್ಕಿಂತ ತಮ್ಮ ಫೋಟೊ ತೆಗೆಯುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತಿದ್ದರು. ಬಳ್ಳಿಗಾವಿಗೆ ಬರುವವರೂ ಬೇರೆಯಲ್ಲ.

ಬೇಕರಿಯೊಂದಕ್ಕೆ ಹೋಗಿ ಬ್ರೆಡ್ಡಿಗೆ ಕಾದು ನಿಂತೆ. ಒಬ್ಬೊಬ್ಬರೇ ಬಂದರು, ಪಡೆದರು, ಹೋದರು. ನಾನು ಇನ್ನೂ ನಿಂತೇ ಇದ್ದೆ. ನಮ್ಮೂರಿನಲ್ಲಾದರೆ ಇಷ್ಟರೊಳಗೆ ಮೊಣಕೈ ಮುಂದೆ ಚಾಚಿ "ಅಣ್ಣಾ, ನನಗೊಂದು" ಎನ್ನಬಹುದಿತ್ತು. ಇಲ್ಲಿ ಯಾರೂ ಯಾರನ್ನೂ ನೂಕುವುದಿಲ್ಲ, ನೂಕದಿದ್ದರೂ ಎಲ್ಲರಿಗೂ ಸಿಗುತ್ತದೆ, ನನಗೊಬ್ಬನಿಗೆ ಬಿಟ್ಟು. ಹಿಂದಿನಿಂದ ಪುಷ್ಪಾವತಿ ಬಂದು ಬಾಗಿಲ ಪಕ್ಕದ ಪುಟ್ಟ ಯಂತ್ರದಿಂದ ಚೀಟಿ ಹರಿದುಕೊಂಡರು. ಅದರಲ್ಲಿ ಸರದಿಯ ನಂಬರು. ಸ್ವಲ್ಪ ಹೊತ್ತಿನಲ್ಲಿ ಅವರ ನಂಬರು ಕೂಗಿದರು. ಅವರು ನನಗೂ ಸೇರಿಸಿ ಬ್ರೆಡ್ಡು ಕೊಂಡರು, ಆ ಭಾಷೆಯಲ್ಲೇ ಧನ್ಯವಾದ ಹೇಳಿದರು. ಹೊರಡುವ ಮೊದಲೇ ಇಪ್ಪತ್ತು ಮಾತು ಕಲಿತಿದ್ದರಂತೆ.

ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಎಲೆಕೋಸಿನ ಸಾರು ಎಂದು ಹಸಿರು ಸಾರು ಕೊಟ್ಟರು. ಚೆನ್ನಾಗಿತ್ತು, ಗೌರಮ್ಮನ ಸೊಪ್ಪಿನ ಸಾರು ನೆನಪಾಯಿತು. ಅರ್ಧ ಕುಡಿದ ಮೇಲೆ ಬಟ್ಟಲಿನ ತಳದಿಂದ ಕೆಂಪಗೆ, ದುಂಡಗೆ ಒಂದು ಬಿಲ್ಲೆ ತೇಲಿ ಬಂತು. ಅದು ಟೊಮೆಟೊ ಅಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಮಚ ಕೆಳಗಿಟ್ಟು ಶಿವ ಶಿವ ಎಂದೆ. ಪುಷ್ಪಾವತಿಯವರ ಬಟ್ಟಲಿನಲ್ಲಿ ಬಿಲ್ಲೆ ಇರಲಿಲ್ಲ.

"ಮಾಂಸ ಬೇಡ ಅಂತ ಮೊದ್ಲೇ ಹೇಳಿದ್ದೆ ಸರ್. ನೀವೂ ಹೇಳಿದೀರಿ ಅಂದ್ಕಂಡೆ."

ಕೊನೆಯ ದಿನದವರೆಗೆ ನಾನು ರೊಟ್ಟಿ ಚಟ್ನಿಪುಡಿಯಲ್ಲೇ ಕಳೆದೆ. ಕೋಪ ಮಾಡಿಕೊಳ್ಳಲು ಅವರದೇನೂ ತಪ್ಪಿರಲಿಲ್ಲ, ಅದೇ ನನ್ನ ಕೋಪಕ್ಕೆ ಕಾರಣವಾಗಿತ್ತು.

ಅವೇರೊ, ಎರಡನೆಯ ದಿನ

ನನ್ನ ಪೋಸ್ಟರಿಗೆ ಸಿಕ್ಕ ಜಾಗ ಕಾಫಿ ಮೇಜಿಗೂ ಶೌಚಾಲಯಕ್ಕೂ ನಡುವೆ. ಬೆಳಗಿನಿಂದ ಹಲವರು ನನ್ನನ್ನು ಮಾತನಾಡಿಸಿದರು, ಎಲ್ಲರೂ ಬಾಗಿಲು ಯಾವುದು ಎಂದು ಕೇಳಿದವರೇ. ಒಬ್ಬ ಹಿರಿಯರು ಮಾತ್ರ ಬಂದು ನಿಂತರು. ಬಳ್ಳಿಗಾವಿಯ ಫೋಟೊ ನೋಡಿದರು, ಕೆಳಗಿನ ಬರಹಕ್ಕೆ ಬಗ್ಗಿದರು, ಕದಲಲಿಲ್ಲ. ನಾನು ಮೆಲ್ಲಗೆ ಗಡಿಯಾರ ನೋಡಿದೆ. ದೇವಸ್ಥಾನದ ಮುಂದೆಯೇ ಯಾರೂ ಅಷ್ಟು ಹೊತ್ತು ನಿಂತದ್ದಿಲ್ಲ. ವಿವರಿಸೋಣವೆಂದು ಗಂಟಲು ಸರಿಮಾಡಿಕೊಂಡೆ. ಅವರು ಬಗ್ಗಿ ಪೋಸ್ಟರಿನ ಕೆಳಗಿದ್ದ ಪ್ಲಗ್ಗಿನಿಂದ ತಮ್ಮ ಮೊಬೈಲ್ ಕಿತ್ತುಕೊಂಡು, ನನಗೆ ನಮಸ್ಕರಿಸಿ ಹೋದರು.

ಸಭಾಂಗಣದಲ್ಲಿ ಪುಷ್ಪಾವತಿಯವರ ಭಾಷಣ. ಹಿಂದಿನ ಸಾಲಿನಲ್ಲಿ ಹೋಗಿ ಕೂತೆ, ಕೆಟ್ಟದಾಗಿ ಮಾತಾಡಲಿ ಎಂಬ ಆಸೆಯಿಂದ. ತೆರೆಯ ಮೇಲೆ ಬಣ್ಣಬಣ್ಣದ ಚುಕ್ಕೆಗಳು, ಎಣಿಸಲಾಗದಷ್ಟು ಗೆರೆಗಳು. ಪ್ರವಾಸೋದ್ಯಮದ ಸಂಶೋಧನೆಯಲ್ಲಿ ಒಂದು ಕಾಲಕ್ಕೆ ಎಲ್ಲರೂ ಸಮುದ್ರತೀರದ ಬಗ್ಗೆ ಬರೆದದ್ದು, ಆಮೇಲೆ ಗುಂಪು ಪರಿಸರದ ಕಡೆಗೆ ಹೊರಳಿದ್ದು, ಶ್ರೀಮಂತ ದೇಶಗಳವರು ತಮ್ಮ ತಮ್ಮವರನ್ನೇ ಉಲ್ಲೇಖಿಸಿಕೊಂಡದ್ದು, ಎಲ್ಲ ಆ ಗೆರೆಗಳಲ್ಲಿ ಕಾಣುತ್ತಿತ್ತು. ಆಮೇಲೆ ಅವರು ಹೇಳಿದರು: ದೊಡ್ಡ ದೊಡ್ಡ ದತ್ತಾಂಶ ಸಂಗ್ರಹಗಳಲ್ಲಿ ನಮ್ಮಂಥ ಊರುಗಳೇ ಇಲ್ಲ, ಇಂಗ್ಲಿಷಿನಲ್ಲದ ಬರಹವಂತೂ ಇಲ್ಲವೇ ಇಲ್ಲ, ಹಾಗಾಗಿ ನಮ್ಮ ಭಾಗದ ಪತ್ರಿಕೆಗಳು, ಕಾಲೇಜಿನ ಸಂಚಿಕೆಗಳು, ಕನ್ನಡದ ಲೇಖನಗಳು ಎಲ್ಲವನ್ನೂ ಕೊನೆಯ ಪುಟದ ಸಮೇತ ಏಳು ವರ್ಷ ಕೂತು ನಾನೇ ತುಂಬಿದ್ದೇನೆ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ಎದ್ದೆ, ಎದ್ದವರ ಬೆನ್ನಿನ ಹಿಂದೆ ಕೂತರೆ ಕಾಣುವುದಿಲ್ಲವಲ್ಲ. ಕೈ ಮಾತ್ರ ಒಂದಕ್ಕೊಂದು ತಾಗಲಿಲ್ಲ. ಇಪ್ಪತ್ತು ವರ್ಷ ಕಲ್ಲಿನ ಮೇಲೆ ಕೂತವನು ನಾನು, ಏಳು ವರ್ಷ ಕುರ್ಚಿಯ ಮೇಲೆ ಕೂತವರಿಗೆ ಈ ಗೌರವ.

ಕೋಣೆಗೆ ಬಂದು ಮೊಬೈಲ್ ತೆರೆದರೆ ಸಂಪಾದಕರೊಬ್ಬರ ಮೇಲ್ ಬಂದಿತ್ತು. ನನ್ನ ಹೊಸ ಲೇಖನದ ಕೊನೆಯ ಕರಡು, ತಿದ್ದುಪಡಿ ಇದ್ದರೆ ಇವತ್ತೇ ತಿಳಿಸಿ ಎಂದು. ಈ ಲೇಖನಕ್ಕಂತೂ ಪುಷ್ಪಾವತಿಯವರ ಪಟ್ಟಿಯಿಂದ ಪುಟಗಟ್ಟಲೆ ಎತ್ತಿಕೊಂಡಿದ್ದೆ. ಉಲ್ಲೇಖಗಳ ಮೇಲೆ ಬೆರಳಾಡಿಸಿದೆ. ಅವರ ಹೆಸರು ಬರಬೇಕಾದ ಜಾಗ ಎಲ್ಲಿ ಎಂದು ನನಗೆ ಸರಿಯಾಗಿ ಗೊತ್ತಿತ್ತು. ಒಂದು ಸಾಲು ಸೇರಿಸಿದ್ದರೆ ಆಗುತ್ತಿತ್ತು. ಹೊರಗೆ ಇನ್ನೂ ಚೆನ್ನಾಗಿ ಬಿಸಿಲಿತ್ತು, ನಾಲೆಯ ಕಡೆಯಿಂದ ನಗು ಕೇಳುತ್ತಿತ್ತು, ಅದರಲ್ಲಿ ಅವರ ದನಿಯೂ ಇದೆ ಅನ್ನಿಸಿತು. ಅವರನ್ನು ಯಾರೋ ಊಟಕ್ಕೆ ಕರೆದುಕೊಂಡು ಹೋಗಿದ್ದರು, ನನ್ನನ್ನು ಕರೆದಿರಲಿಲ್ಲ.

'ತಿದ್ದುಪಡಿ ಏನೂ ಇಲ್ಲ' ಎಂದು ಬರೆದು ಕಳಿಸಿದೆ. ಆಮೇಲೆ ರೊಟ್ಟಿ ತಿಂದೆ.

ಅವೇರೊ, ಮೂರನೆಯ ದಿನ

ಅಂದು ಹತ್ತು ಹದಿನೈದು ಜನ ಒಂದು ಸಣ್ಣ ಕೋಣೆಯಲ್ಲಿ ಸೇರಿ ಚರ್ಚೆ. ನನಗೂ ಕುರ್ಚಿ ಸಿಕ್ಕಿತ್ತು. ಪ್ರೊಫೆಸರ್ ತೆರೇಜಾ ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿಕೊಂಡು ಪುಷ್ಪಾವತಿಯವರಿಗೆ, "ನಕ್ಷೆಯಲ್ಲಿ ನಿಮ್ಮ ಊರುಗಳಿರುವ ಮೂಲೆಯನ್ನು ಹತ್ತಿರದಿಂದ ತೋರಿಸಿ" ಎಂದರು.

ಮೂಲೆ ದೊಡ್ಡದಾಯಿತು. ಎಲ್ಲ ಚುಕ್ಕೆಗಳ ನಡುವೆ ಒಂದು ಮಾತ್ರ ಎದ್ದು ಕಾಣುವಷ್ಟು ದಪ್ಪ. ಅದರ ಪಕ್ಕ ನನ್ನ ಹೆಸರು. ಒಂದು ಗಳಿಗೆ ನನಗೆ ಖುಷಿಯಾದದ್ದು ನಿಜ, ಬೆನ್ನು ನೆಟ್ಟಗೆ ಮಾಡಿ ಕೂತೆ. ಆಮೇಲೆ ಗೆರೆಗಳು ಕಂಡವು. ಪಕ್ಕದಲ್ಲೇ ಇದ್ದ ಪುಷ್ಪಾವತಿಯವರ ಚುಕ್ಕೆಯಿಂದ ನನ್ನ ಕಡೆಗೆ ಬಾಣದ ಒಂದು ಕಂತೆ. ನನ್ನಿಂದ ಅವರ ಕಡೆಗೆ ಏನೂ ಇಲ್ಲ.

ತೆರೇಜಾ ಕೂಡ ಅದನ್ನೇ ನೋಡುತ್ತಿದ್ದರು. "ಇಬ್ಬರೂ ಅಕ್ಕಪಕ್ಕದ ತಾಲೂಕಿನವರು, ವಿಷಯವೂ ಒಂದೇ. ಇವರು ಅವರನ್ನು ಇಷ್ಟು ಸಲ ಹೆಸರಿಸಿದ್ದಾರೆ. ಅವರು ಇವರನ್ನು ಒಂದು ಸಲವೂ ಹೆಸರಿಸಿಲ್ಲ. ಇದು ಯಾಕೆ?"

ಕೇಳಿದ ದನಿಯಲ್ಲಿ ಆರೋಪ ಇರಲಿಲ್ಲ, ನಿಜವಾದ ಕುತೂಹಲವಿತ್ತು. ಅದೇ ಇನ್ನೂ ಕೆಟ್ಟದ್ದು. ಹೊಟ್ಟೆಕಿಚ್ಚು ಹೊಟ್ಟೆಯೊಳಗೇ ಇರುವಂಥದ್ದು, ಹೊರಗಿನವರಿಗೆ ಕಾಣದು ಎಂದು ಇಷ್ಟು ವರ್ಷ ನಂಬಿದ್ದೆ. ಅದನ್ನು ಗೆರೆ ಎಳೆದು ತೋರಿಸುವ ವಿದ್ಯೆಯೊಂದಿದೆ, ಗೆರೆಯೇ ಇಲ್ಲದ ಜಾಗದಲ್ಲೂ ಅದು ಕಾಣುತ್ತದೆ ಎಂದು ಅಂದು ತಿಳಿಯಿತು.

ಪುಷ್ಪಾವತಿ ನನ್ನ ಕಡೆ ನೋಡಲಿಲ್ಲ. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. "ಇದು ನನ್ನ ವಿಧಾನದ ಕೊರತೆ. ನಮ್ಮ ಕಡೆ ಗ್ರಂಥಪಾಲಕರಿಗೆ ಬಾಯಿಮಾತಿನಲ್ಲಿ ಕೃತಜ್ಞತೆ ಹೇಳುವುದು ರೂಢಿ, ಉಲ್ಲೇಖದಲ್ಲಿ ಅಲ್ಲ. ಬಾಯಿಮಾತಿಗೆ ಈ ನಕ್ಷೆಯಲ್ಲಿ ಬಾಣ ಇಲ್ಲ."

ಎಲ್ಲರೂ ತಲೆದೂಗಿದರು. ಇಬ್ಬರು ಅದನ್ನು ಬರೆದುಕೊಂಡರು. ನನ್ನ ಮಾನ ಉಳಿಯಿತು. ಉಳಿಸಿದವರು ಅವರು ಎಂಬುದೇ ಮುಳ್ಳಿನ ಹಾಗೆ ಚುಚ್ಚುತ್ತಿತ್ತು, ನನ್ನ ತಪ್ಪು ಮುಚ್ಚಲು ಹೇಳಿದ ಮಾತಿಗೂ ಅವರಿಗೇ ಮೆಚ್ಚುಗೆ ಸಿಕ್ಕಿತಲ್ಲ ಎಂದು.

ಚರ್ಚೆ ಮುಗಿದ ಮೇಲೆ ತೆರೇಜಾ ನನ್ನ ಬಳಿಗೆ ಬಂದರು. ಆ ಭಾಗದಲ್ಲಿ ಎಲ್ಲರಿಗಿಂತ ಹೆಚ್ಚು ಉಲ್ಲೇಖವಾದವರು ನೀವೇ, ಅಧ್ಯಯನಕ್ಕೆ ನೀವೇ ಮುಖ್ಯಸ್ಥರಾಗಬೇಕೆಂದು ನನ್ನ ಮನಸ್ಸಿನಲ್ಲಿದೆ, ನಾಡಿದ್ದು ಊಟಕ್ಕೆ ಕೂತು ಮಾತಾಡೋಣ ಎಂದರು. ಬೇಕೆಂದದ್ದು ಕೈಗೆ ಬಂದಿತ್ತು. ಸೇತುವೆಯ ಮೇಲೆ ಎರಡು ಸುತ್ತು ಹೊಡೆದು ಬಂದೆ. ಗೌರಮ್ಮನಿಗೆ ಫೋನ್ ಮಾಡಬೇಕು ಅನ್ನಿಸಿತು. ಆದರೆ ಆ ಬಾಣದ ಕಂತೆ ಕಣ್ಣ ಮುಂದಿನಿಂದ ಹೋಗಲೊಲ್ಲದು. ಫೋನ್ ಮಾಡಲಿಲ್ಲ.

ಕೊಯಿಂಬ್ರಾ

ನಾಲ್ಕನೆಯ ದಿನ ಎಲ್ಲರನ್ನೂ ಬಸ್ಸಿನಲ್ಲಿ ಕೊಯಿಂಬ್ರಾಕ್ಕೆ ಕರೆದುಕೊಂಡು ಹೋದರು. ಗುಡ್ಡದ ಮೇಲಿನ ಊರು. ಅಲ್ಲೊಂದು ಹಳೆಯ ಗ್ರಂಥಾಲಯ, ಸೂರಿನವರೆಗೆ ಪುಸ್ತಕ. ಅದರೊಳಗೆ ಬಾವಲಿಗಳಿವೆಯಂತೆ. ಪುಸ್ತಕ ತಿನ್ನುವ ಹುಳಗಳನ್ನು ಅವು ತಿನ್ನುತ್ತವೆ ಎಂದು ಓಡಿಸದೆ ಇಟ್ಟುಕೊಂಡಿದ್ದಾರೆ. ಸಂಜೆ ಮೇಜುಗಳಿಗೆ ಚರ್ಮ ಹೊದಿಸುತ್ತಾರೆ, ಬೆಳಿಗ್ಗೆ ಹಿಕ್ಕೆ ಗುಡಿಸುತ್ತಾರೆ. ನಮ್ಮ ದೇವಸ್ಥಾನಗಳ ಬಾವಲಿಗಳ ಮೇಲೆ ನಾನು ಎಷ್ಟು ದೂರು ಬರೆದುಕೊಂಡಿದ್ದೇನೋ ಲೆಕ್ಕವಿಲ್ಲ. ಪುಷ್ಪಾವತಿ ಆ ಕಪಾಟುಗಳ ನಡುವೆ ಕತ್ತೆತ್ತಿ ನಿಂತವರು ಕಾವಲಿನವರು ಕರೆಯುವವರೆಗೆ ಕದಲಲಿಲ್ಲ.

ಹೊರಗೆ ಅಂಗಳದ ಕಟ್ಟೆಯ ಮೇಲೆ ಕೂತೆವು. ಕೆಳಗೆ ನದಿ ಕಾಣುತ್ತಿತ್ತು. ಅವರ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು. ಕೇಳಬಾರದೆಂದುಕೊಂಡದ್ದನ್ನು ಕೇಳಿಬಿಟ್ಟೆ.

"ಮೇಡಂ, ಆ ನಕ್ಷಿ ಒಂದ್ಸಲ ತೆಗೀತೀರೇನು? ನಿಮ್ ಬಾಣ ಅಷ್ಟೂ ತೆಗೆದು ನೋಡ್ಬೇಕಾಗೈತಿ."

"ಯಾಕೆ ಸರ್?"

"ನನ್ನ ಚುಕ್ಕಿ ಎಷ್ಟು ಉಳಿತೈತಿ ಅಂತ."

ಅವರು ಲ್ಯಾಪ್‌ಟಾಪ್ ತೆರೆದರು. ತಮ್ಮ ಲೇಖನಗಳನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದರು. ಚುಕ್ಕೆ ಇಳಿಯುತ್ತ ಬಂತು, ಸಾಸಿವೆ ಕಾಳಿನಷ್ಟಾಯಿತು. ಬಿಸಿಲಿಗೆ ಪರದೆಯ ಮೇಲೆ ಕೈ ಮರೆಮಾಡಿ ಹುಡುಕಬೇಕಾಯಿತು.

"ಬ್ಯಾರೆ ಯಾರೂ ಓದೇ ಇಲ್ಲೇನ್ರೀ?"

"ಓದಿರ್ಬೋದು. ಹೆಸರು ಹಾಕಿದ್ದು ನಾನೊಬ್ಳೇ ಸರ್."

"ಯಾಕ ಹಾಕಿದ್ರಿ?"

"ಎಂತ ಕೇಳ್ತೀರಿ? ಚೆನ್ನಾಗಿತ್ತು, ಹಾಕಿದೆ. ಆ ಕುರಿ ಕಾಯೋರ ಹತ್ರ ಕೂತು ಬರೆದಿದ್ರಲ್ಲ, ಅಂಥದ್ದು ಇಷ್ಟು ಪೇಪರಲ್ಲಿ ಎಲ್ಲೂ ನೋಡ್ಲಿಲ್ಲ ನಾನು."

ನದಿ ನೋಡುತ್ತ ಕೇಳಿದೆ, "ನಾ ನಿಮ್ ಹೆಸರು ಹಾಕಿಲ್ಲ ಅಂತ ನಿಮಗ ಗೊತ್ತಿತ್ತು?"

"ಏಳು ವರ್ಷ ಕೂತು ತುಂಬಿದ್ದು ನಾನೇ ಅಲ್ದಾ? ನಿಮ್ಮ ಕೊನೇ ಪುಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದ್ಲು ಥ್ಯಾಂಕ್ಸ್ ಇತ್ತು. ಆಮೇಲೆ ಅದೂ ಹೋಯ್ತು."

"ಬೇಜಾರಾಗ್ಲಿಲ್ಲೇನು?"

"ಆಯ್ತು. ಆಗ್ದೆ ಇರ್ತದಾ? ಎರಡು ದಿನ ನಿಮ್ಮ ಪೇಪರ್ ತುಂಬದೆ ಪಕ್ಕಕ್ಕೆ ಇಟ್ಟಿದ್ದೆ. ಆಮೇಲೆ ತುಂಬಿದೆ. ಬಿಟ್ರೆ ನಕ್ಷೆ ಸುಳ್ಳಾಗ್ತದಲ್ಲ ಸರ್." ಲ್ಯಾಪ್‌ಟಾಪ್ ಮುಚ್ಚಿದರು. "ನಿನ್ನೆ ಅವ್ರ ಮುಂದೆ ಹೇಳಿದ್ದು ಮಾತ್ರ ಸುಳ್ಳು. ಅದು ನನಗೆ ಸರಿ ಅನ್ನಿಸ್ಲಿಲ್ಲ. ಇನ್ನೊಂದ್ಸಲ ಕೇಳಿದ್ರೆ ಹೇಳಲ್ಲ."

ಬಸ್ಸಿಗೆ ಕರೆದರು. ಅವರು ಮುಂದೆ ಹೋಗಿ ಕೂತರು, ನಾನು ಹಿಂದೆ. ಅವೇರೊ ಬರುವವರೆಗೆ ಕಿಟಕಿಯ ಹೊರಗೆ ಏನೇನು ಹೋಯಿತೋ ನನಗೆ ನೆನಪಿಲ್ಲ.

ಅವೇರೊ, ಕೊನೆಯ ಊಟ

ಇಲ್ಲಿಯವರ ಮಧ್ಯಾಹ್ನದ ಊಟ ಮುಗಿಯುವ ಲಕ್ಷಣವೇ ಇರುವುದಿಲ್ಲ. ನಮ್ಮಲ್ಲಿ ಉಂಡು ಕೈ ತೊಳೆದು ಮಾತಿಗೆ ಕೂರುತ್ತೇವೆ, ಇವರು ಮಾತಿನ ನಡುವೆ ಉಣ್ಣುತ್ತಾರೆ. ತೆರೇಜಾ ಮೀನು ಬಿಡಿಸುತ್ತಿದ್ದರು. ಪುಷ್ಪಾವತಿ ಅನ್ನ, ಹುರುಳಿಕಾಯಿ ತರಿಸಿಕೊಂಡಿದ್ದರು. ನಾನೂ ಈ ಸಲ ಅವರ ಬಾಯಿಂದಲೇ ಹೇಳಿಸಿ ಅದನ್ನೇ ತರಿಸಿಕೊಂಡಿದ್ದೆ.

ತೆರೇಜಾ ನನ್ನ ಒಪ್ಪಿಗೆ ಕೇಳಿದರು. ಹೂಂ ಎಂದರೆ ಮುಗಿಯುತ್ತಿತ್ತು. ಪುಷ್ಪಾವತಿ ತಟ್ಟೆ ನೋಡುತ್ತಿದ್ದರು, ಅವರಾಗಿ ಏನೂ ಹೇಳುವವರಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಇಂಗ್ಲಿಷು ಅವಸರದಲ್ಲಿ ಮುಗ್ಗರಿಸುತ್ತದೆ, ಹಾಗಾಗಿ ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳಿದೆ. ಆ ಚುಕ್ಕೆ ದಪ್ಪಗಾಗಿರುವುದು ಇವರೊಬ್ಬರಿಂದ. ನನ್ನ ಬರಹಗಳೆಲ್ಲ ಇವರ ಪಟ್ಟಿಯ ಮೇಲೆ ನಿಂತಿವೆ. ಹೆಸರು ಬಿಟ್ಟದ್ದು ರೂಢಿಯಿಂದಲ್ಲ, ಬೇಕೆಂದೇ ಬಿಟ್ಟೆ. ಹೊಟ್ಟೆಕಿಚ್ಚು.

ಆ ಕೊನೆಯ ಮಾತಿಗೆ ತಕ್ಕ ಇಂಗ್ಲಿಷು ಒಂದು ಗಳಿಗೆ ಸಿಗಲಿಲ್ಲ, ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದೆ. ತೆರೇಜಾ ಊಟ ಸರಿಬರಲಿಲ್ಲವೇನೋ ಎಂದು ಗಾಬರಿಯಾಗಿ ನೀರು ಸುರಿದುಕೊಟ್ಟರು. ಪುಷ್ಪಾವತಿ ಆ ಪದ ಹೇಳಿಕೊಟ್ಟರು.

ತೆರೇಜಾ ಮೀನಿನ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು, "ಹಾಗಾದರೆ ನೀವೇ ಹೇಳಿ, ಮುಖ್ಯಸ್ಥರು ಯಾರಾಗಬೇಕು?"

ನಾನು ಪುಷ್ಪಾವತಿಯವರ ಕಡೆಗೆ ಕೈ ತೋರಿಸಿದೆ. ಆ ಕೈ ಎತ್ತಲು ನನಗೆ ಎಷ್ಟು ಕಷ್ಟವಾಯಿತು ಎಂಬುದು ನನಗೊಬ್ಬನಿಗೇ ಗೊತ್ತು. ಪುಷ್ಪಾವತಿ ಮುಖ್ಯಸ್ಥೆ, ಊರೂರು ತಿರುಗುವ ಕೆಲಸಕ್ಕೆ ನಾನು ಎಂದು ಅಲ್ಲೇ ತೀರ್ಮಾನವಾಯಿತು. ಒಳ್ಳೆಯದು ಮಾಡಿದರೆ ಮನಸ್ಸು ಹಗುರವಾಗುತ್ತದೆ ಎಂದು ಕೇಳಿದ್ದೆ. ನನಗೆ ಹಾಗೇನೂ ಆಗಲಿಲ್ಲ. ನಾನೇ ಕೊಟ್ಟದ್ದನ್ನು ಅವರು ಪಡೆದುಕೊಂಡು ತೆರೇಜಾರ ಕೈ ಕುಲುಕುವಾಗ ಹಳೆಯ ಉರಿ ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿಯೇ.

ಲಿಸ್ಬನ್ನಿಗೆ ಹೋಗುವ ರೈಲು

ರೈಲು ಹೊರಟ ಮೇಲೆ ಸಂಪಾದಕರಿಗೆ ಬರೆದೆ. ಉಲ್ಲೇಖಗಳಲ್ಲಿ ಒಂದು ಹೆಸರು ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿ. 'ಬಿಟ್ಟುಹೋಗಿದೆ' ಎಂದು ಬರೆದು ಅಳಿಸಿ 'ಬಿಟ್ಟಿದ್ದೇನೆ' ಎಂದು ತಿದ್ದಿದೆ. ಅರ್ಧ ದಾರಿಯಲ್ಲಿ ಉತ್ತರ ಬಂತು. ತಿದ್ದುಪಡಿ ಇಲ್ಲವೆಂದು ತಾವೇ ತಿಳಿಸಿದ್ದರಿಂದ ಸಂಚಿಕೆ ಅಚ್ಚಿಗೆ ಹೋಗಿದೆ, ಈಗ ಏನೂ ಮಾಡಲಾಗದು ಎಂದಿತ್ತು.

ಎದುರಿಗೆ ಕೂತಿದ್ದ ಪುಷ್ಪಾವತಿಯವರ ಕೈಗೆ ಮೊಬೈಲ್ ಕೊಟ್ಟೆ. ನಾನು ಬರೆದದ್ದು, ಸಂಪಾದಕರು ಉತ್ತರಿಸಿದ್ದು, ಅದಕ್ಕೂ ಮೊದಲು ನಾನು ತಿದ್ದುಪಡಿ ಏನೂ ಇಲ್ಲವೆಂದದ್ದು, ಎಲ್ಲ ಒಂದರ ಕೆಳಗೊಂದು ಇತ್ತು. ಅವರು ಪೂರ್ತಿ ಓದಿದರು. ತಿದ್ದುಪಡಿ ಇಲ್ಲವೆಂದ ದಿನ ಯಾವುದು ಎಂದು ಅವರಿಗೆ ತಿಳಿಯದೆ ಇರಲಾರದು, ಅದು ಅವರ ಭಾಷಣದ ದಿನ.

"ಹೋಗ್ಲಿ ಬಿಡಿ ಸರ್," ಎಂದು ಮೊಬೈಲ್ ಹಿಂದಕ್ಕೆ ಕೊಟ್ಟರು. ಆಮೇಲೆ ಚೀಲದಿಂದ ಪುಸ್ತಕ ತೆಗೆದು ಲಿಸ್ಬನ್ ಬರುವವರೆಗೆ ಓದಿದರು. ಕಿಟಕಿಯ ಪಕ್ಕದ ಸೀಟು ನನ್ನದಾಗಿತ್ತು. ನಾನು ಹೊರಗೆ ನೋಡಲಿಲ್ಲ.

ಈಗ ಆ ಅಧ್ಯಯನ ನಡೆಯುತ್ತಿದೆ. ಭಾನುವಾರಗಳಲ್ಲಿ ನಾನು ಬಳ್ಳಿಗಾವಿಗೂ ಕುಬಟೂರಿಗೂ ಹೋಗಿ ಬರೆದುಕೊಂಡು ಬರುತ್ತೇನೆ, ಸೋಮವಾರ ಅದನ್ನು ಸೊರಬಕ್ಕೆ ಕಳಿಸುತ್ತೇನೆ. ಅವರು ತಪ್ಪು ಹಿಡಿದು ಹಿಂದಕ್ಕೆ ಕಳಿಸುತ್ತಾರೆ. ತಪ್ಪು ನಿಜವಾಗಿಯೂ ಇರುತ್ತದೆ, ಸಿಟ್ಟೂ ಬರುತ್ತದೆ. ನನ್ನ ಆ ಲೇಖನ ಅಚ್ಚಾಗಿ ಬಂದು ಕೆಲವು ತಿಂಗಳಾದವು, ಅವರ ಹೆಸರಿಲ್ಲದೆ. ಮೊನ್ನೆ ಅವರ ಹೊಸ ಲೇಖನ ಬಂತು. ಮೊದಲು ಕೊನೆಯ ಪುಟ ತೆರೆದೆ. ನನ್ನ ಆ ಲೇಖನ ಅಲ್ಲಿತ್ತು, ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಸರಿಯಾಗಿ.